ಹಾಡುವವನನ್ನು ಬಿಡಿ, ಬೇಸ್ ಹಿಂದೆ ಹೋಗಿ

ಫಂಕ್, ಅಂದರೆ ಅರವತ್ತರ ದಶಕದಲ್ಲಿ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಕುಣಿಸುವ ಸಂಗೀತ, ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂದರೆ ಎಲ್ಲರ ಬಾಯಲ್ಲೂ ಒಂದೇ ಹೆಸರು, ಗಾಯಕ ಜೇಮ್ಸ್ ಬ್ರೌನ್. ತಪ್ಪೇನಿಲ್ಲ. ಆದರೆ ನಾನು ಹಾಗೆ ಶುರು ಮಾಡಿ ಸೋತವನು. ಅವನ ಹಿಟ್ ಹಾಡುಗಳನ್ನೆಲ್ಲ ಸಾಲಾಗಿ ಹಾಕಿಕೊಂಡು ಕೂತೆ, ನಾಲ್ಕನೇ ಹಾಡಿಗೇ ಬೇಜಾರು ಬಂತು. ಮನುಷ್ಯ ಕಿರುಚುತ್ತಾನೆ, ಅದೇ ಟ್ಯೂನ್ ಗಾಣದ ಎತ್ತಿನ ಹಾಗೆ ಸುತ್ತುತ್ತದೆ, ಪಲ್ಲವಿ ಆಯ್ತು ಚರಣ ಎಲ್ಲಿ ಅಂತ ಕಾಯುತ್ತಾ ಕೂತರೆ ಹಾಡೇ ಮುಗಿದಿರುತ್ತದೆ!

ತಪ್ಪು ನನ್ನ ಕಿವಿಯದು. ನಮಗೆ ಹಾಡು ಅಂದರೆ ಮೊದಲು ರಾಗ, ಆಮೇಲೆ ಸಾಹಿತ್ಯ, ತಾಳ ಹಿಂದೆಲ್ಲೋ ಕೂತಿರುತ್ತದೆ. ಫಂಕ್‌ನಲ್ಲಿ ಇದು ಪೂರ್ತಿ ತಲೆಕೆಳಗು. ಬ್ರೌನ್‌ನ 1967ರ 'ಕೋಲ್ಡ್ ಸ್ವೆಟ್' ಹಾಡಿನ ಹೆಚ್ಚಿನ ಭಾಗ ಒಂದೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಮೇಲೆ ನಿಂತಿದೆ. ಗಿಟಾರ್, ಸ್ಯಾಕ್ಸೊಫೋನ್, ಬ್ರೌನ್‌ನ ಗಂಟಲು, ಎಲ್ಲವೂ ಡ್ರಮ್ ಕೆಲಸವನ್ನೇ ಮಾಡುತ್ತವೆ. ನಾಲ್ಕು ಪೆಟ್ಟಿನಲ್ಲಿ ಮೊದಲನೆಯದಕ್ಕೆ ಜಾಸ್ತಿ ಒತ್ತು, ಅದನ್ನೇ ಅವನು 'ದಿ ಒನ್' ಅಂತ ಕರೆದ. ಭಜನೆಯಲ್ಲಿ ತಾಳ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ, ಎಲ್ಲಿ ಅಲೆದರೂ ಸಮಕ್ಕೆ ಬಂದು ಬೀಳಬೇಕು.

ಅದಕ್ಕೇ ನಾನು ಮೊದಲು ದಿ ಮೀಟರ್ಸ್ ಕೇಳಿ ಅನ್ನುತ್ತೇನೆ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ನಾಲ್ಕು ಜನರ ತಂಡ. 1969ರ 'ಸಿಸ್ಸಿ ಸ್ಟ್ರಟ್' ಮೂರೇ ನಿಮಿಷ, ಮಾತೇ ಇಲ್ಲ. ಹೆಡ್‌ಫೋನ್ ಹಾಕಿಕೊಂಡು ಒಂದು ಸಲ ಜಿಗಬೂ ಮಾಡೆಲಿಸ್ಟ್‌ನ ಡ್ರಮ್ ಮಾತ್ರ ಕೇಳಿ, ಅದರಲ್ಲಿ ಆ ಊರಿನ ಬೀದಿ ಮೆರವಣಿಗೆಯ ನಡಿಗೆ ಇದೆ. ಇನ್ನೊಂದು ಸಲ ಜಾರ್ಜ್ ಪೋರ್ಟರ್‌ನ ಬೇಸ್ (ದಪ್ಪ ದನಿಯ ಗಿಟಾರ್) ಮಾತ್ರ. ಎಲ್ಲಿ ಬಾರಿಸದೆ ಬಿಟ್ಟಿದ್ದಾರೆ ಅನ್ನೋದೇ ಅಲ್ಲಿ ಮಜಾ.

ಆಮೇಲೆ ಪಟ್ಟಿ ಗಿಟ್ಟಿ ಬೇಡ, ಬಾರಿಸಿದವರ ಹೆಸರು ಹಿಡಿದು ಹೊರಡಿ. 1970ರಲ್ಲಿ ದುಡ್ಡಿನ ಜಗಳವಾಗಿ ಬ್ರೌನ್‌ನ ತಂಡ ಕೈಕೊಟ್ಟಾಗ ಸಿನ್ಸಿನಾಟಿಯಿಂದ ಹುಡುಗರನ್ನು ವಿಮಾನದಲ್ಲಿ ಕರೆಸಿಕೊಂಡ, ಅದರಲ್ಲಿ ಬೇಸ್ ಹಿಡಿದ ಬೂಟ್ಸಿ ಕಾಲಿನ್ಸ್‌ಗೆ ಆಗ ಹದಿನೆಂಟು. 'ಸೆಕ್ಸ್ ಮಷೀನ್' ಬೇಸ್ ಅವನದೇ. ಅವನನ್ನೇ ಹಿಂಬಾಲಿಸಿದರೆ ಜಾರ್ಜ್ ಕ್ಲಿಂಟನ್‌ನ 'ಪಾರ್ಲಿಮೆಂಟ್' ಅನ್ನೋ ತಂಡಕ್ಕೆ, 1975ರ 'ಮದರ್‌ಶಿಪ್ ಕನೆಕ್ಷನ್' ಆಲ್ಬಮ್‌ಗೆ ಬರುತ್ತೀರಿ. ಅಲ್ಲಿ ನೋಡಿದರೆ ಬ್ರೌನ್‌ನ ಹಳೆಯ ತಂಡದ ಮೇಸಿಯೋ ಪಾರ್ಕರ್, ಫ್ರೆಡ್ ವೆಸ್ಲಿ ಕೂಡ ಹಾಜರು! ಇನ್ನೊಬ್ಬ ಫಂಕ್ ಗಾಯಕ ಸ್ಲೈ ಸ್ಟೋನ್‌ನ ತಂಡಕ್ಕೆ ಹೋಗುವುದಾದರೆ ಅಲ್ಲಿ ಬೇಸ್ ಬಾರಿಸಿದ ಲ್ಯಾರಿ ಗ್ರಹಾಂ ಹೆಸರು ಹಿಡಿಯಿರಿ. ಅಮ್ಮನ ಜೊತೆ ಕಾರ್ಯಕ್ರಮ ಕೊಡುವಾಗ ಡ್ರಮ್ಮರ್ ಇಲ್ಲದಂತಾಗಿ, ಆ ಕೊರತೆ ತುಂಬಲು ಹೆಬ್ಬೆರಳಿನಿಂದ ತಂತಿಗೆ ಬಡಿದ, ಬೆರಳಿಂದ ಎಳೆದು ಬಿಟ್ಟ. ಎಲೆಕ್ಟ್ರಿಕ್ ಬೇಸ್‌ನಲ್ಲಿ ಹೀಗೆ ಬಡಿದು ಬಾರಿಸುವ 'ಸ್ಲ್ಯಾಪ್' ಶೈಲಿ ಶುರುವಾದದ್ದು ಹೀಗೆ ಅಂತಾರೆ. (ಒಹಾಯೋ ಪ್ಲೇಯರ್ಸ್, ಟವರ್ ಆಫ್ ಪವರ್ ತಂಡದವರೆಲ್ಲ ದಾರಿಯಲ್ಲಿ ತಾವಾಗೇ ಸಿಗುತ್ತಾರೆ.)

ಇಷ್ಟೆಲ್ಲ ಸುತ್ತಿ ಮತ್ತೆ ಜೇಮ್ಸ್ ಬ್ರೌನ್ ಹತ್ತಿರ ಬಂದಾಗ ನನಗೆ ಕೇಳಿಸಿದ್ದು ಅವನಲ್ಲ, ಹಿಂದೆ ಕೂತ ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್. 1970ರಲ್ಲಿ ಬಂದ 'ಫಂಕಿ ಡ್ರಮ್ಮರ್'ನಲ್ಲಿ ಉಳಿದವರೆಲ್ಲ ಸುಮ್ಮನಾಗಿ ಅವನೊಬ್ಬನೇ ಬಾರಿಸುವ ಕೆಲವೇ ಸೆಕೆಂಡುಗಳಿವೆ ನೋಡಿ, ಆಮೇಲೆ ಬಂದ ಲೆಕ್ಕವಿಲ್ಲದಷ್ಟು ಹಿಪ್‌ಹಾಪ್ ಹಾಡುಗಳು ಅದನ್ನೇ ಕತ್ತರಿಸಿ ಅಂಟಿಸಿಕೊಂಡವು. ಹಾಡು ಬರೆದವರಲ್ಲಿ ಅವನ ಹೆಸರಿರಲಿಲ್ಲ, ಹಾಗಾಗಿ ರಾಯಲ್ಟಿಯೂ ಇಲ್ಲ. 2017ರಲ್ಲಿ ತೀರಿಕೊಂಡ. ಈಗ ಆ ಜಾಗ ಬಂದಾಗಲೆಲ್ಲ, ರೂಮಿನಲ್ಲಿ ಯಾರಿದ್ದರೂ ಸರಿ, "ಇದು ಕ್ಲೈಡ್" ಅಂತ ಜೋರಾಗಿ ಹೇಳುತ್ತೇನೆ. ಮನೆಯವರಿಗೆ ಕೇಳಿ ಕೇಳಿ ಸಾಕಾಗಿದೆ.