ಏಳು ವರ್ಷಗಳ ಕೆಲಸವನ್ನು ಒಂದು ದಿನಕ್ಕೆ ಇಳಿಸುವ ನಮ್ಮ ಚಟ

ನಿನ್ನೆ ನಮ್ಮ ಕಾಲೇಜಿನ ರಾಷ್ಟ್ರೀಯ ವಿಜ್ಞಾನ ದಿನಾಚರಣೆಯಲ್ಲಿ ಮುಖ್ಯ ಅತಿಥಿಗಳು ಸಿ.ವಿ. ರಾಮನ್ ಅವರ ಕಥೆಯನ್ನು ಒಂದೇ ಉಸಿರಿಗೆ ಮುಗಿಸಿದರು. ರಾಮನ್ ಹಡಗಿನಲ್ಲಿ ಬರುತ್ತಿದ್ದರು, ಸಮುದ್ರ ಏಕೆ ನೀಲಿ ಎಂಬ ಪ್ರಶ್ನೆ ಅವರಿಗೆ ಹೊಳೆಯಿತು, ನೊಬೆಲ್ ಬಂತು. ಸಭಾಂಗಣ ತುಂಬ ಚಪ್ಪಾಳೆ. ಪಕ್ಕದಲ್ಲಿ ಕುಳಿತಿದ್ದ ಗೆಳತಿ ನನ್ನ ಮುಖ ನೋಡಿ, "ಇವತ್ತು ರಾತ್ರಿ ಫೇಸ್‌ಬುಕ್ಕಲ್ಲಿ ಬರೀತೀಯ ಅಲ್ವಾ?" ಎಂದಳು. ಬರೆಯುತ್ತಿದ್ದೇನೆ, ಒಂದು ದಿನ ತಡವಾಗಿ.

ಕೆಲವು ತಿಂಗಳುಗಳಿಂದ ಸಿಲಬಸ್ಸಿನಲ್ಲಿಲ್ಲದ ವಿಜ್ಞಾನದ ಇತಿಹಾಸವನ್ನು ನಾನು ಓದುತ್ತಿರುವುದು ನಿಮ್ಮಲ್ಲಿ ಹಲವರಿಗೆ ಗೊತ್ತು, ಏಕೆಂದರೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿ ತಲೆ ತಿನ್ನುತ್ತಿದ್ದೇನೆ. ಹಾಗೆ ಓದಿದ್ದರಿಂದಲೇ ಆ ಭಾಷಣವನ್ನು ಸಹಿಸಿಕೊಳ್ಳುವುದು ಕಷ್ಟವಾಯಿತು. ಹಡಗಿನ ಪ್ರಯಾಣ ನಡೆದದ್ದು 1921ರಲ್ಲಿ; ಚದುರಿದ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸುತ್ತದೆ ಎಂಬ 'ರಾಮನ್ ಪರಿಣಾಮ' ಪತ್ತೆಯಾದ, ನಾವು ಆಚರಿಸುವ ಫೆಬ್ರವರಿ 28 ಬಂದದ್ದು 1928ರಲ್ಲಿ. ನಡುವಿನ ವರ್ಷಗಳಲ್ಲಿ ರಾಮನ್ ಸಂಶೋಧನೆ ನಡೆಸುತ್ತಿದ್ದ ಕಲ್ಕತ್ತದ ಬೌಬಜಾರ್ ಬೀದಿಯ ಆ ಸಂಸ್ಥೆಯಲ್ಲಿ ಎಲ್ಲರೂ ಕೈಕಟ್ಟಿ ಕುಳಿತಿದ್ದರೇ?

ಹಡಗಿನಲ್ಲಿಯೂ ರಾಮನ್ ಸುಮ್ಮನೆ ನೀರು ನೋಡುತ್ತ ನಿಂತಿರಲಿಲ್ಲ. ಸಮುದ್ರದ ನೀಲಿ ಎಂದರೆ ಆಕಾಶದ ಪ್ರತಿಬಿಂಬವಷ್ಟೇ ಎಂಬ ಬ್ರಿಟಿಷ್ ಭೌತವಿಜ್ಞಾನಿ ಲಾರ್ಡ್ ರೇಲೀ ಅವರ ಅಭಿಪ್ರಾಯವನ್ನು ಪರೀಕ್ಷಿಸಲು, ರಾಮನ್ ನಿಕಾಲ್ ಪಟ್ಟಕವೊಂದರಿಂದ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹರಳು) ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದರು. ಆಗಲೂ ನೀಲಿ ಉಳಿಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂಬ ಜಾಡು ಹಿಡಿದು ಊರಿಗೆ ಬಂದ ಮೇಲೆ ಅವರ ವಿದ್ಯಾರ್ಥಿಗಳು ದ್ರವದ ಮೇಲೆ ದ್ರವವನ್ನು ಪರೀಕ್ಷೆಗೆ ಹಚ್ಚಿದರು. 1923ರಲ್ಲಿ ಕೆ.ಆರ್. ರಾಮನಾಥನ್ ಅವರಿಗೆ ಚದುರಿದ ಬೆಳಕಿನಲ್ಲಿ, ಒಳಗೆ ಬಿಟ್ಟ ಬೆಳಕಿನಲ್ಲಿ ಇರದಿದ್ದ ಮಂಕಾದ ಬಣ್ಣವೊಂದು ಕಂಡಿತು. ದ್ರವದಲ್ಲಿನ ಕಲ್ಮಶದಿಂದ ಉಂಟಾದ ದುರ್ಬಲ ಪ್ರತಿದೀಪ್ತಿ (ವಸ್ತು ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಮರಳಿ ಸೂಸುವುದು) ಇರಬೇಕೆಂದು ಮತ್ತೆ ಮತ್ತೆ ಶುದ್ಧಗೊಳಿಸಿದರೂ ಅದು ಹೋಗಲಿಲ್ಲ. ಮುಂದೆ ಕೆ.ಎಸ್. ಕೃಷ್ಣನ್ ಅವರಿಗೂ ಅದು ಕಂಡಿತು. ಚೆನ್ನಾಗಿ ಶುದ್ಧೀಕರಿಸಿದ ಗ್ಲಿಸರಿನ್, ನೀಲಿಯ ಬದಲು ಹಸಿರು ಬೆಳಕನ್ನು ಚದುರಿಸುವುದನ್ನು ವೆಂಕಟೇಶ್ವರನ್ ಕಂಡರು, ಮತ್ತು ಆ ಬೆಳಕು ಧ್ರುವೀಕೃತವಾಗಿತ್ತು, ಎಂದರೆ ಅದರ ಕಂಪನ ಹೆಚ್ಚಾಗಿ ಒಂದೇ ದಿಕ್ಕಿನಲ್ಲಿತ್ತು. ಸಾಮಾನ್ಯ ಪ್ರತಿದೀಪ್ತಿ ಹಾಗಿರುವುದಿಲ್ಲ. ಅಷ್ಟು ಹೊತ್ತಿಗೆ ಎಕ್ಸ್-ಕಿರಣಗಳಲ್ಲಿ ಇಂಥದ್ದೇ ಒಂದನ್ನು, ಚದುರಿದಾಗ ತರಂಗಾಂತರ ಬದಲಾಗುವುದನ್ನು, ಕಂಡುಹಿಡಿದದ್ದಕ್ಕಾಗಿ ಕಾಂಪ್ಟನ್ ಅವರಿಗೆ 1927ರ ನೊಬೆಲ್ ಬಂದಿತ್ತು. ರಾಮನ್ ಅದನ್ನು ಬೆಳಕಿನಲ್ಲಿ ಹುಡುಕಿದರು. 18 ಸೆಂಟಿಮೀಟರ್ ಅಗಲದ ದೂರದರ್ಶಕದ ಮಸೂರದಿಂದ ಬಿಸಿಲನ್ನು ಕೂಡಿಸಿ, ಒಂದರ ಬೆಳಕನ್ನು ಇನ್ನೊಂದು ಪೂರ್ತಿ ತಡೆಯುವಂಥ ಜೋಡಿ ಬಣ್ಣದ ಫಿಲ್ಟರುಗಳನ್ನಿಟ್ಟು, ಸುಮಾರು 60 ದ್ರವಗಳನ್ನು ಪರೀಕ್ಷಿಸಿದರು. ಎರಡನೆಯ ಫಿಲ್ಟರನ್ನು ದಾಟಿ ಬಂದ ಬೆಳಕೆಂದರೆ ದ್ರವದಲ್ಲಿ ಬಣ್ಣ ಬದಲಿಸಿದ ಬೆಳಕೇ. ಚದುರುವ ಬೆಳಕಿನಲ್ಲಿ ಬಣ್ಣ ಬದಲಿಸುವ ಪಾಲು ಅತ್ಯಲ್ಪ. ದ್ರವದ ಮೇಲೆ ಬೀಳುವ ಸುಮಾರು ಒಂದು ಕೋಟಿ ಫೋಟಾನುಗಳಲ್ಲಿ (ಬೆಳಕಿನ ಕಣಗಳಲ್ಲಿ) ಒಂದು ಎಂಬುದು ಅದರ ಅಂದಾಜು ಲೆಕ್ಕ. ಅದನ್ನು ಆಗ ಹಿಡಿದದ್ದು ಮನುಷ್ಯರ ಬರಿಗಣ್ಣು.

ಇದರಲ್ಲಿ ಯಾವುದನ್ನು ಬಿಟ್ಟರೆ ಕಥೆ ಚೆಂದವಾಗುತ್ತದೆ, ಹೇಳಿ. ನನಗಂತೂ ಈ ಇಡೀ ಇತಿಹಾಸದಲ್ಲಿ ಅತ್ಯಂತ ರೋಚಕವಾಗಿ ಕಾಣುವುದು 1923ರಲ್ಲಿ ಹೋಗಲೊಲ್ಲೆನೆಂದು ಉಳಿದುಕೊಂಡ ಆ ಮಂಕು ಬಣ್ಣ. ನಮ್ಮ ಪ್ರಯೋಗಾಲಯಗಳಲ್ಲಿ ಪುಸ್ತಕದ ಉತ್ತರಕ್ಕೆ ಹೊಂದದ ರೀಡಿಂಗ್ ಬಂದರೆ "ಎರರ್ ಅಂತ ಬರೆದು ಸಹಿ ಹಾಕಿಸಿಕೊಳ್ಳಿ" ಎನ್ನುತ್ತಾರೆ. ಅಲ್ಲಿ ಆ ಎರರನ್ನು ವರ್ಷಗಟ್ಟಲೆ ಸಾಕಿಕೊಂಡರು. ಭಾಷಣಕಾರರಿಗೆ ಬೇಕಿಲ್ಲದ್ದು ನಿಖರವಾಗಿ ಇದೇ ಭಾಗ.

ರಾಮನ್ ಒಬ್ಬರದೇ ಪಾಡಲ್ಲ ಇದು. ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ ಫ್ಲೆಮಿಂಗ್ ಅವರ ತಟ್ಟೆಗೆ 1928ರಲ್ಲಿ ಬೂಷ್ಟು ಬಂದದ್ದು ಎಲ್ಲರಿಗೂ ಗೊತ್ತು. ಅದು ಸ್ರವಿಸುವ ಪೆನಿಸಿಲಿನ್ ಅನ್ನು ಔಷಧಿಯನ್ನಾಗಿ ಮಾಡಲು ಮುಂದಿನ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನ ಫ್ಲೋರಿ ಮತ್ತು ಚೈನ್ ತಂಡ ಕೈಹಾಕಬೇಕಾಯಿತು. ಆ ತಂಡದ ನಾರ್ಮನ್ ಹೀಟ್ಲಿ ಯುದ್ಧಕಾಲದ ಅಭಾವದಲ್ಲಿ ಆಸ್ಪತ್ರೆಯ ಬೆಡ್‌ಪ್ಯಾನುಗಳಲ್ಲಿ ಬೂಷ್ಟು ಬೆಳೆಸಿದರು. 1941ರಲ್ಲಿ ಔಷಧಿ ಪಡೆದ ಮೊದಲ ರೋಗಿಗಳಲ್ಲೊಬ್ಬನಾದ ಪೊಲೀಸ್ ಪೇದೆ ಚೇತರಿಸಿಕೊಳ್ಳುತ್ತಿದ್ದಾಗ ದಾಸ್ತಾನು ಮುಗಿಯುತ್ತ ಬಂತು, ಅವನ ಮೂತ್ರದಿಂದಲೇ ಪೆನಿಸಿಲಿನ್ ಹಿಂಪಡೆದು ಕೊಟ್ಟರು, ಆದರೂ ಅವನು ಉಳಿಯಲಿಲ್ಲ. 1945ರ ನೊಬೆಲ್ ಫ್ಲೆಮಿಂಗ್, ಫ್ಲೋರಿ, ಚೈನ್ ಮೂವರಿಗೆ ಬಂತು, ಹೀಟ್ಲಿಗೆ ಬರಲಿಲ್ಲ. ವೇದಿಕೆಯಿಂದ ಬೆಡ್‌ಪ್ಯಾನಿನ ಮಾತಾಡುವುದು ಶೋಭೆಯಲ್ಲವೇನೋ.

ಮಕ್ಕಳಿಗೆ ಸ್ಫೂರ್ತಿ ಬೇಕು, ಹತ್ತು ನಿಮಿಷದ ಭಾಷಣದಲ್ಲಿ ಧ್ರುವೀಕರಣ ವಿವರಿಸಲಾಗದು ಎಂದು ಕಾಮೆಂಟಿನಲ್ಲಿ ಹೇಳಲು ಬರುವವರಿದ್ದೀರಿ. ಅವರಲ್ಲಿ ಒಬ್ಬರು ನನ್ನ ಚಿಕ್ಕಪ್ಪ. ಒಪ್ಪಿಕೊಳ್ಳೋಣ, ಹತ್ತು ನಿಮಿಷ ಕಡಿಮೆಯೇ. ಆದರೆ ನಿನ್ನೆಯ ಹತ್ತು ನಿಮಿಷದಲ್ಲಿ ಆರು ನಿಮಿಷ ವೇದಿಕೆಯ ಮೇಲಿದ್ದ ಗಣ್ಯರನ್ನು ಒಬ್ಬೊಬ್ಬರನ್ನಾಗಿ ಹೆಸರಿಸುವುದಕ್ಕೇ ಹೋಯಿತು. ಗಣ್ಯರ ಹೆಸರುಗಳನ್ನು ಅಷ್ಟು ಶ್ರದ್ಧೆಯಿಂದ ಓದಬಲ್ಲವರು ಕೃಷ್ಣನ್, ರಾಮನಾಥನ್, ವೆಂಕಟೇಶ್ವರನ್ ಎಂಬ ಮೂರು ಹೆಸರುಗಳನ್ನೂ ಓದಬಲ್ಲರು. ಸ್ಫೂರ್ತಿಯ ವಿಚಾರಕ್ಕೆ ಬಂದರೆ, ನನ್ನದೇ ಸಂಗತಿ ಹೇಳಿಬಿಡುತ್ತೇನೆ. ಸೇಬಿನ ಕಥೆ, ಸ್ನಾನದ ತೊಟ್ಟಿಯ ಕಥೆಗಳನ್ನು ಕೇಳಿ ಕೇಳಿ, ನನ್ನ ತಲೆಗೆ ಅಂಥದ್ದೇನೂ ಹೊಳೆಯದ್ದರಿಂದ ಭೌತಶಾಸ್ತ್ರ ನನ್ನಂಥವರಿಗಲ್ಲವೆಂದು ತೀರ್ಮಾನಿಸಿ, ಪಿಯುಸಿ ಮುಗಿದ ಮೇಲೆ ಬಿ.ಕಾಂಗೆ ಅರ್ಜಿ ತುಂಬಿದ್ದೆ. ಅಪ್ಪ ಸಹಿ ಹಾಕಲಿಲ್ಲವೆಂದು ಇಂದು ಎಂ.ಎಸ್ಸಿ. ಓದುತ್ತಿದ್ದೇನೆ. ನಿಮ್ಮ ಸ್ಫೂರ್ತಿ ನನಗೆ ಮಾಡಿದ ಉಪಕಾರ ಇಷ್ಟು.

ಇನ್ನು, ಹೀಗೆ ಹೆಸರುಗಳನ್ನು ಹಂಚಿದರೆ ರಾಮನ್ ಅವರ ದೊಡ್ಡತನ ಕುಗ್ಗುತ್ತದೆ ಎನ್ನುವ ಅಭಿಮಾನಿಗಳಿದ್ದಾರೆ. ಅವರಿಗೆ ನಾನಲ್ಲ, ರಾಮನ್ ಅವರೇ ಉತ್ತರ ಕೊಟ್ಟಿದ್ದಾರೆ: 1928ರ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಬಂದ ಮೊದಲ ಟಿಪ್ಪಣಿಯ ಕೆಳಗೆ ಕೃಷ್ಣನ್ ಅವರ ಹೆಸರೂ ಇದೆ, 1930ರ ನೊಬೆಲ್ ಉಪನ್ಯಾಸದಲ್ಲಿ ಈ ಮೂವರ ಹೆಸರುಗಳೂ ಬರುತ್ತವೆ. ಅದೇ 1928ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಲಾಂಡ್ಸ್‌ಬರ್ಗ್ ಮತ್ತು ಮಾಂಡೆಲ್‌ಶ್ಟಾಮ್ ಹರಳುಗಳಲ್ಲಿ ಇದೇ ಪರಿಣಾಮವನ್ನು ಕಂಡಿದ್ದರೆಂಬುದನ್ನು ಸಭೆಯಲ್ಲಿ ಹೇಳಿದ್ದರೆ ನನ್ನನ್ನು ದೇಶದ್ರೋಹಿ ಎನ್ನುತ್ತಿದ್ದರೋ ಏನೋ.

ಬೆಂಗಳೂರಿನವರಾಗಿ ನಮಗೆ ಇನ್ನೊಂದು ತಾರೀಖು ಇದೆ, ಅದು ಯಾರ ಕ್ಯಾಲೆಂಡರಿನಲ್ಲೂ ಇಲ್ಲ. ಹೊಸ ವಿಕಿರಣದ ಬಗ್ಗೆ ರಾಮನ್ ವಿವರವಾದ ಉಪನ್ಯಾಸ ಕೊಟ್ಟದ್ದು ಇದೇ ಊರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಸಭೆಯಲ್ಲಿ, 1928ರ ಮಾರ್ಚ್ 16ರಂದು. ನಮ್ಮ ವಿಭಾಗದ ಮುಖ್ಯಸ್ಥರಿಗೆ ಈ ಬೆಳಿಗ್ಗೆ ಒಂದು ಮನವಿ ಕೊಟ್ಟು ಬಂದಿದ್ದೇನೆ: ಈ ಮಾರ್ಚ್ 16ರ ಮಧ್ಯಾಹ್ನ ಒಂದು ಗಂಟೆ ಕೊಟ್ಟರೆ ರಾಮನಾಥನ್ ಅವರ ಮಂಕು ಬಣ್ಣದಿಂದ ಶುರುಮಾಡಿ ನಾವು ವಿದ್ಯಾರ್ಥಿಗಳೇ ಮಾತಾಡುತ್ತೇವೆ, ಮುಖ್ಯ ಅತಿಥಿಗಳು ಬೇಡ. ಅವರು ಅದನ್ನು ಓದಿ, "ಉದ್ಘಾಟನೆಗೆ ಯಾರನ್ನು ಕರೆಯೋಣ?" ಎಂದು ಕೇಳಿದರು.