ಬಂಗಲೆಯೂ ಸೋಗೆ ಮನೆಯೂ

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ದೊಡ್ಡಪ್ಪನ ಮಗ ಹೊಸ ಮನೆ ಕಟ್ಟಿಸಿದ. ಹೆಸರಿಡುವ ಮಾತು ಬಂದಾಗ, "ಬಂಗಲೆ ಎಂದೇ ಇರಲಿ. ಸೋಗೆ ಮನೆಯವರು ಎಂದು ಕರೆಸಿಕೊಂಡದ್ದು ಸಾಕು" ಎಂದ. ಸೋಗೆ ಎಂದರೆ ಅಡಿಕೆ ಮರದ ಗರಿ; ನಮ್ಮ ಹಳೆಯ ಮನೆಗೆ ಅದನ್ನೇ ಹೊದೆಸುತ್ತಿದ್ದರು. ಆ ಮಾತು ಇನ್ನೂ ನನ್ನನ್ನು ಕೊರೆಯುತ್ತಿದೆ. ಬಂಗಲೆ ಎಂಬ ಪದ ಹುಟ್ಟಿದ್ದೇ ಹುಲ್ಲಿನ ಮನೆಯಲ್ಲಿ!

ಇಂಗ್ಲಿಷಿನ ಬಂಗ್ಲೋ ಬಂದದ್ದು 'ಬಂಗ್ಲಾ' ಎಂಬ ಪದದಿಂದ. ಬಂಗಾಳದ ರೀತಿಯ ಮನೆ ಎಂದಷ್ಟೇ ಅದರ ಅರ್ಥ. ಅಲ್ಲಿನ ರೈತರು ಬಿದಿರು ಬಾಗಿಸಿ, ಹುಲ್ಲು ಹೊದೆಸಿ, ಮಳೆನೀರು ಜಾರಿಹೋಗುವಂತೆ ಮನೆಯ ಮಾಡು ಕಟ್ಟುತ್ತಿದ್ದರು. ಆ ಬಾಗು ಎಷ್ಟು ಚೆಲುವಾಗಿತ್ತೆಂದರೆ ಬಂಗಾಳದ ಬಿಷ್ಣುಪುರದ ದೇವಾಲಯಗಳು ಅದನ್ನು ಇಟ್ಟಿಗೆಯಲ್ಲಿ ಉಳಿಸಿಕೊಂಡವು. ಷಹಜಹಾನ್ ಲಾಹೋರ್ ಕೋಟೆಯ ನೌಲಖಾ ಮಂಟಪಕ್ಕೆ ಅದೇ ಬಾಗನ್ನು ಅಮೃತಶಿಲೆಯಲ್ಲಿ ಕೊಟ್ಟ. 17ನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಈ ಪದವನ್ನು ಬರೆದುಕೊಂಡದ್ದು ಗುಡಿಸಲು ಎಂಬ ಅರ್ಥದಲ್ಲೇ. ಮುಂದೆ ಅದಕ್ಕೆ ವರಾಂಡ ಸೇರಿಸಿ ತಾವೇ ವಾಸಕ್ಕಿಳಿದರು. ಇಂಗ್ಲೆಂಡಿನಲ್ಲಿ ಇಂದಿಗೂ ಬಂಗ್ಲೋ ಎಂದರೆ ಮಹಡಿಯಿಲ್ಲದ ಮನೆ. ಸಿಂಗಪುರದಲ್ಲಿ ಮಹಡಿ ಎಷ್ಟಿದ್ದರೂ ಸರಿ, ಸುತ್ತ ಜಾಗ ಬಿಟ್ಟು ಒಂಟಿಯಾಗಿ ನಿಂತಿದ್ದರಾಯಿತು. ನಮ್ಮಲ್ಲಿ ಡಾಕ್ ಬಂಗಲೆ, ಎಸ್ಟೇಟ್ ಬಂಗಲೆಗಳಲ್ಲಿ ಇಳಿದುಕೊಂಡವರೆಲ್ಲ ಸಾಹೇಬರೇ ಆದ್ದರಿಂದ ಪದಕ್ಕೆ ದರ್ಪ ಅಂಟಿತು. ನಮ್ಮ ಊರುಗಳಲ್ಲಿ ಇನ್‌ಸ್ಪೆಕ್ಷನ್ ಬಂಗ್ಲೋಗೆ ಐಬಿ ಎನ್ನುತ್ತೇವಲ್ಲ, ಅದರಲ್ಲಿನ 'ಬಿ' ಕೂಡ ಇದೇ ಬಂಗಲೆ.

ಅಜ್ಜನ ಮನೆ ನೆನಪಾಗುತ್ತದೆ. ಮಳೆಗಾಲಕ್ಕೆ ಮೊದಲು ವರ್ಷ ವರ್ಷವೂ ಅಡಿಕೆ ಸೋಗೆ ಹೊದೆಸಬೇಕು. ಅಜ್ಜಿ ಅಂಗಳದಲ್ಲಿ ನಿಂತು ಒಂದೊಂದೇ ಸೋಗೆ ಎತ್ತಿಕೊಡುತ್ತಿದ್ದಳು, ಅಜ್ಜ ಸೂರಿನಿಂದ ಶುರುಮಾಡಿ ಸಾಲಿನ ಮೇಲೆ ಸಾಲು ಏರಿಸುತ್ತ ನೆತ್ತಿ ಮುಟ್ಟುತ್ತಿದ್ದ. ಒಂದು ಸಾಲು ಹಿಂದುಮುಂದಾದರೂ ಆಷಾಢದಲ್ಲಿ ಹಾಸಿಗೆ ಒದ್ದೆ. ಇರಚಲು ಒಳಗೆ ಬಾರದಂತೆ ಜಗಲಿಗೆ ತಟ್ಟಿ ಕಟ್ಟುತ್ತಿದ್ದರು. ಸೂರು ತಗ್ಗು, ಬಂದವರೆಲ್ಲ ಬಗ್ಗಿಯೇ ಒಳಗೆ ಬರಬೇಕು. ಹೊರಗೆ ಮಳೆ ಜಡಿಯುತ್ತಿದ್ದರೂ ಆ ಮಾಡಿನಡಿ ಪಿಸುಮಾತು ಕೇಳುತ್ತಿತ್ತು. ಈಗ ತಗಡಿನ ಶೀಟಿನ ಕೆಳಗೆ ಮಳೆ ಬಂದರೆ ಕೂಗಿಯೇ ಮಾತನಾಡುತ್ತೇವೆ.

ಆ ಕೈಕೆಲಸದ ಬಗ್ಗೆ ನಮ್ಮ ಮಕ್ಕಳು ನಾಚಿಕೆಪಡುವುದನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಮೂಲದ ಬಂಗಲೆಗೆ ಹತ್ತಿರವಿದ್ದದ್ದು ಅಜ್ಜನ ಮನೆಯೇ ಹೊರತು ದೊಡ್ಡಪ್ಪನ ಮಗನ ಸಿಮೆಂಟಿನ ಮನೆಯಲ್ಲ. ಇದನ್ನು ಅವನಿಗೂ ಹೇಳಿದೆ. ಅವನು ಒಪ್ಪಲಿಲ್ಲ, ಫಲಕವನ್ನು ಬರೆಸಿಯೂ ಆಗಿದೆ.

ಈ ಬೇಸಿಗೆಯಲ್ಲಿ ತೋಟದ ಮನೆಗೆ ಸೋಗೆಯನ್ನೇ ಹೊದೆಸಬೇಕೆಂದಿದ್ದೇನೆ. ಆ ಕೆಲಸ ಬಲ್ಲವರು ನಮ್ಮೂರಿನಲ್ಲಿ ಒಬ್ಬರೇ ಉಳಿದಿದ್ದಾರೆ. ಈಗಲೇ ಹೇಳಿಟ್ಟು ಬಂದೆ.