ಹೊಟ್ಟೆ ನೋಡಿ ಗಂಡಾ ಹೆಣ್ಣಾ ಅಂತ ಕೇಳೋದನ್ನು ಇನ್ನಾದರೂ ನಿಲ್ಲಿಸಿ

ಸಾಕಾಗಿದೆ. ಇವತ್ತು ಬರೆದೇ ಬಿಡುತ್ತೇನೆ.

ನನಗೀಗ ಏಳನೇ ತಿಂಗಳು. ಮೊದಲನೇ ಮಗು. ಮಂಡ್ಯದಲ್ಲಿ ಬಾಡಿಗೆ ಮನೆ. ಇವರು ಬೆಳಿಗ್ಗೆ ಟ್ರೈನ್ ಹಿಡಿದು ಮೈಸೂರಿಗೆ ಕೆಲಸಕ್ಕೆ ಹೋದರೆ ಬರೋದು ರಾತ್ರಿಯೇ. ಹೊಟ್ಟೆ ಕಾಣಿಸಲು ಶುರುವಾದಾಗಿನಿಂದ ಎಲ್ಲರದ್ದೂ ಒಂದೇ ಪ್ರಶ್ನೆ. ಸೊಪ್ಪು ಮಾರುವವರು ಕೇಳುತ್ತಾರೆ. ಓನರ್ ಆಂಟಿ ಕೇಳುತ್ತಾರೆ. ಆಫೀಸಿನಲ್ಲಿ ಕೇಳುತ್ತಾರೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತರೆ ಪಕ್ಕದ ಎಲೆಯವರೂ ಕೇಳುತ್ತಾರೆ. "ಏನವ್ವಾ, ಗಂಡೇ ಅಲ್ವಾ?"

ಕೇಳಿ ಸುಮ್ಮನಾಗಿದ್ದರೂ ಸಹಿಸಬಹುದಿತ್ತು. ಉತ್ತರವನ್ನೂ ಅವರೇ ಕೊಡುತ್ತಾರೆ. ಹೊಟ್ಟೆ ಮುಂದಕ್ಕೆ ಚೂಪಾಗಿದ್ದರೆ ಗಂಡು, ಅಗಲಕ್ಕಿದ್ದರೆ ಹೆಣ್ಣು. ಹುಳಿ ತಿಂದರೆ ಒಂದು, ಸಿಹಿ ತಿಂದರೆ ಇನ್ನೊಂದು. ಮುಖ ಬಾಡಿದೆ, ಬಲಗಾಲು ಮೊದಲು ಎತ್ತಿಟ್ಟಳು, ಎಡಕ್ಕೆ ತಿರುಗಿ ಮಲಗುತ್ತಾಳೆ, ಎಲ್ಲಕ್ಕೂ ಒಂದು ಲೆಕ್ಕ. ಇವರ ಕಡೆ ಸಂಬಂಧಿಕರೊಬ್ಬರು ನನ್ನ ಉಂಗುರ ಬಿಚ್ಚಿಸಿ, ದಾರಕ್ಕೆ ಕಟ್ಟಿ, ಹೊಟ್ಟೆಯ ಮೇಲೆ ತೂಗಿಬಿಟ್ಟರು. ನಿನಗೆ ಒಪ್ಪಿಗೆಯಾ ಅಂತ ಒಂದು ಮಾತು ಕೇಳಲಿಲ್ಲ. ಉಂಗುರ ಅವರು ಬಯಸಿದ ಹಾಗೆ ತಿರುಗಲಿಲ್ಲ. "ಹೋಗ್ಲಿ ಬುಡು, ಎರಡನೇದು ಗಂಡಾಗ್ಲಿ" ಅಂದರು.

ನನ್ನ ಮಗು ಇನ್ನೂ ಹುಟ್ಟಿಲ್ಲ. ಹುಟ್ಟುವ ಮೊದಲೇ ಅದಕ್ಕೆ "ಹೋಗ್ಲಿ ಬುಡು" ಅಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಐದನೇ ತಿಂಗಳ ಸ್ಕ್ಯಾನ್ ಬಗ್ಗೆ ಹೇಳಲೇಬೇಕು. ಮಗುವಿನ ಅಂಗಾಂಗ ಸರಿಯಾಗಿವೆಯಾ ಅಂತ ನೋಡುವ ಸ್ಕ್ಯಾನ್ ಅದು. ಹೃದಯಕ್ಕೆ ನಾಲ್ಕು ಕೋಣೆ ಇವೆಯಾ, ಬೆನ್ನುಮೂಳೆ ಸರಿಯಾಗಿ ಮುಚ್ಚಿಕೊಂಡಿದೆಯಾ, ಕಿಡ್ನಿ, ಮೆದುಳು, ತುಟಿ, ಕೈಕಾಲು, ಒಂದೊಂದನ್ನೂ ನೋಡುತ್ತಾರೆ. ಹೋಗುವ ಹಿಂದಿನ ವಾರದಿಂದಲೇ ನನಗೆ ಭಯ. ಏನಾದರೂ ತೊಂದರೆ ಅಂದುಬಿಟ್ಟರೆ? ಡಾಕ್ಟರ್ "ಎಲ್ಲಾ ಚೆನ್ನಾಗಿದೆಯಮ್ಮಾ" ಅಂದಾಗ ಅಲ್ಲೇ ಅಳು ಬಂತು. ಇವರು ನನ್ನ ಕೈ ಬಿಡಲೇ ಇಲ್ಲ. ಹೊರಗೆ ಬಂದು ಊರಿಗೆ ಫೋನ್ ಮಾಡಿದೆವು. ಹೃದಯ ಚೆನ್ನಾಗಿದೆಯಂತೆ, ಬೆನ್ನು ಚೆನ್ನಾಗಿದೆಯಂತೆ, ತೂಕ ಸರಿಯಾಗಿದೆಯಂತೆ ಅಂತ ಸಂಭ್ರಮದಿಂದ ಹೇಳುತ್ತಿದ್ದೇನೆ. ಆ ಕಡೆಯಿಂದ, "ಅದಿರ್ಲಿ, ಏನಂತೆ?"

ಅದಿರ್ಲಿ ಅಂತೆ. ನನ್ನ ಮಗುವಿನ ಹೃದಯ, ಬೆನ್ನುಮೂಳೆ, ಎಲ್ಲಾ ಅತ್ಲಾಗಿರ್ಲಿ.

ಸ್ಕ್ಯಾನಿಂಗ್ ಸೆಂಟರ್ ಬಾಗಿಲಲ್ಲೇ ಬೋರ್ಡ್ ಇರುತ್ತದೆ, ಕನ್ನಡದಲ್ಲೇ ಇರುತ್ತದೆ. ಭ್ರೂಣದ ಲಿಂಗ ಪತ್ತೆ ಮಾಡುವುದು ಅಪರಾಧ. ಕಾನೂನು ಬಂದಿದ್ದು 1994ರಲ್ಲಿ, ನಾನು ಹುಟ್ಟೋಕೂ ಮುಂಚೆ. 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರೆ ಯಾವ ರೀತಿಯಲ್ಲಾಗಲಿ ಹೇಳುವಂತಿಲ್ಲ. ಪ್ರತಿ ಬಸುರಿಯ ಸ್ಕ್ಯಾನಿಗೂ ಒಂದು ಫಾರಂ ತುಂಬಬೇಕು. ಲಿಂಗ ತಿಳಿದುಕೊಳ್ಳುವ ಇಷ್ಟ ನನಗಿಲ್ಲ ಅಂತ ನಾನೇ ಸಹಿ ಹಾಕಿ ಕೊಟ್ಟಿದ್ದೇನೆ. ಹೇಳಿದ ಡಾಕ್ಟರಿಗೆ ಮಾತ್ರ ಶಿಕ್ಷೆ ಅಂದುಕೊಂಡವರು ಜಾಸ್ತಿ. ಹಾಗಿಲ್ಲ. ಪತ್ತೆ ಮಾಡಿಸಲು ಹೋದವರಿಗೂ ಮೊದಲ ಸಲಕ್ಕೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ಇದೆ. ಇನ್ನೊಂದು ವಿಷಯವನ್ನು ಎಲ್ಲರ ಮನೆ ಗೋಡೆಯ ಮೇಲೆ ಬರೆದು ಹಾಕಬೇಕು ಅನಿಸುತ್ತದೆ. ಬಸುರಿಗೆ ಇಂಥ ಪರೀಕ್ಷೆ ಮಾಡಿಸಿದ್ದರೆ, ಗಂಡನೋ ಮನೆಯವರೋ ಅವಳನ್ನು ಬಲವಂತ ಮಾಡಿದ್ದಾರೆ ಅಂತಲೇ ಕೋರ್ಟ್ ಮೊದಲು ಭಾವಿಸುತ್ತದೆ. ಅಲ್ಲ ಅಂತ ತೋರಿಸುವ ಹೊಣೆ ಅವರ ಮೇಲಿರುತ್ತದೆ. ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆ ಅಂತ ಕಾನೂನು ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ಇದನ್ನೆಲ್ಲ ಇವರ ಹತ್ತಿರ ಹೇಳಿಕೊಂಡರೆ, "ಬಿಡು, ಹಳೇ ಕಾಲದವರು, ಸುಮ್ನೆ ಆಸೆಗೆ ಕೇಳ್ತಾರೆ" ಅನ್ನುತ್ತಾರೆ. ಇವರು ಒಳ್ಳೆಯವರು. ನನಗೆ ಯಾವುದಾದರೂ ಸರಿ ಅಂತ ಮೊದಲ ದಿನದಿಂದ ಹೇಳುತ್ತಿದ್ದಾರೆ. ಆದರೆ ಈ "ಬಿಡು" ಮಾತ್ರ ನನ್ನಿಂದ ಆಗುವುದಿಲ್ಲ. ನಾವಿರೋದು ಮಂಡ್ಯದಲ್ಲಿ. ಇಲ್ಲಿ ಈ ಪ್ರಶ್ನೆ ಸುಮ್ನೆ ಕೇಳುವ ಪ್ರಶ್ನೆ ಆಗಿ ಉಳಿದಿಲ್ಲ.

2023 ಮರೆತು ಹೋಯಿತಾ? ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಹಿಡಿದ ಜಾಲದ ಜಾಡು ಎಲ್ಲಿಗೆ ಬಂತು? ನಮ್ಮ ಮಂಡ್ಯ ತಾಲೂಕಿನ ಆಲೆಮನೆಗೆ. ಕಬ್ಬಿನ ಗದ್ದೆ ನಡುವಿನ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಿಷನ್ ಇಟ್ಟುಕೊಂಡು ಹೊಟ್ಟೆಯಲ್ಲಿರೋದು ಗಂಡಾ ಹೆಣ್ಣಾ ಅಂತ ನೋಡುತ್ತಿದ್ದರು. ಹೆಣ್ಣು ಅಂತಾದರೆ ಗರ್ಭ ತೆಗೆಸುವ ವ್ಯವಸ್ಥೆ ಬೇರೆ ಕಡೆ. ಅದರ ಜಾಡು ಮೈಸೂರಿನವರೆಗೂ ಹೋಯಿತು. ಕೊನೆಗೆ ತನಿಖೆಯನ್ನು ಸಿಐಡಿಗೆ ಕೊಟ್ಟರು. ಅಷ್ಟಾದ ಮೇಲಾದರೂ ನಿಂತಿತಾ? 2024ರಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ಕ್ವಾರ್ಟರ್ಸಿನಲ್ಲೇ ಇಂಥದ್ದು ಸಿಕ್ಕಿತು.

ನಾನು ಹುಟ್ಟಿದ್ದು ಕೆ.ಆರ್. ಪೇಟೆ ಕಡೆ. ಚಿಕ್ಕವಳಿದ್ದಾಗ ಆಲೆಮನೆ ಅಂದರೆ ನಮಗೆ ಹಬ್ಬ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆ ಬಂದರೆ ಸಾಕು, ಓಡುತ್ತಿದ್ದೆವು. ಬಿಸಿ ಬೆಲ್ಲವನ್ನು ಎಲೆಯ ಮೇಲೆ ಹಾಕಿಸಿಕೊಂಡು ಊದಿ ಊದಿ ತಿನ್ನುತ್ತಿದ್ದೆವು. ಹೆಣ್ಣುಮಕ್ಕಳು ಬಂದರೆ ಆಲೆಮನೆಯವರು ಒಂದು ಅಚ್ಚು ಜಾಸ್ತಿಯೇ ಕೊಡುತ್ತಿದ್ದರು. ಅಂಥ ಜಾಗದಲ್ಲಿ ಇದನ್ನು ಮಾಡಿದರಲ್ಲ, ಅವರಿಗೆ ಮನಸ್ಸಾದರೂ ಹೇಗೆ ಬಂತು?

ಹಳೇ ಕಾಲದವರಂತೆ! ಸ್ಕ್ಯಾನಿಂಗ್ ಮಿಷನ್ ಹಳೇ ಕಾಲದ್ದಾ? ಅದನ್ನು ನಡೆಸಲು ಬರುವವರು ಹಳೇ ಕಾಲದವರಾ? ಆ ಕೇಸಿನಲ್ಲಿ ಡಾಕ್ಟರ್, ಲ್ಯಾಬ್ ಟೆಕ್ನಿಷಿಯನ್, ನರ್ಸ್ ಅಂತ ಓದಿಕೊಂಡವರೇ ಸಿಕ್ಕಿಬಿದ್ದರು. ಅಲ್ಲಿಗೆ ಬಸುರಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದವರು ಯಾರು? ನನ್ನ ವಯಸ್ಸಿನ ಹೆಣ್ಣುಮಕ್ಕಳ ಗಂಡಂದಿರು, ಅಣ್ಣತಮ್ಮಂದಿರು. ಅಜ್ಜಿಯರ ಮೇಲೆ ಹಾಕಿ ಕೈ ತೊಳೆದುಕೊಳ್ಳಬೇಡಿ.

ಈಗ ನಾನು ಯಾರ ಹತ್ತಿರವೂ ಪೂರ್ತಿ ಹೇಳಿಕೊಳ್ಳದ ವಿಷಯ. ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ಇವರ ಚಿಕ್ಕಮ್ಮ ಬಂದಿದ್ದರು. ಊಟ ಆಯಿತು, ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ದನಿ ತಗ್ಗಿಸಿ, "ನಮ್ಗೆ ಗೊತ್ತಿರೋರೊಬ್ರು ಅವ್ರೆ ಕಣವ್ವ. ಸುಮ್ನೆ ತಿಳ್ಕೊಳಾಕಷ್ಟೇಯ. ಯಾರ್ಗೂ ಗೊತ್ತಾಗಾಕಿಲ್ಲ" ಅಂದರು. ನಾನು ಅವರ ಮುಖ ನೋಡಿದೆ. ಹಾಲಿನವನ ನಂಬರ್ ಕೊಡುವಷ್ಟು ಸಲೀಸಾಗಿ ಹೇಳಿದ್ದರು. ತಿಳಿದುಕೊಂಡು ಏನು ಮಾಡುತ್ತಾರೆ? ಗಂಡು ಅಂತಾದರೆ ಹೋಳಿಗೆ ಊಟ. ಹೆಣ್ಣು ಅಂತಾದರೆ? ಅದನ್ನು ಅವರು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ.

"ನಮ್ಗೆ ಬೇಡ ಚಿಕ್ಕಮ್ಮ, ಇನ್ನೊಂದು ಸಲ ಈ ಮಾತು ನಮ್ಮನೆಯಲ್ಲಿ ಆಡಬೇಡಿ" ಅಂತ ನಾನೇ ಅಂದೆ. ಕೈ ನಡುಗುತ್ತಿತ್ತು. ನನ್ನನ್ನು ಸುಡುವುದು ಚಿಕ್ಕಮ್ಮನ ಮಾತಿಗಿಂತ ಆಮೇಲಿನ ಮೌನ. ಆ ಕೋಣೆಯಲ್ಲಿ ಇವರಿದ್ದರು, ಅತ್ತೆ ಇದ್ದರು, ಇವರ ಚಿಕ್ಕಪ್ಪ ಇದ್ದರು. ಯಾರೂ ತುಟಿ ಬಿಚ್ಚಲಿಲ್ಲ. ಇವರು ಬೇಡ ಅಂತ ತಲೆ ಆಡಿಸಿದರು, ಅಷ್ಟೇ. ಆಮೇಲೆ ಚಿಕ್ಕಮ್ಮನನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು ಬಂದರು. ಅಪರಾಧ ಮಾಡೋಣ ಬಾ ಅಂತ ಮನೆಯೊಳಗೆ ಬಂದು ಕರೆದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಮರ್ಯಾದೆಯಾಗಿ ಬಿಟ್ಟು ಬಂದರು.

ಅತ್ತೆಯ ಬಗ್ಗೆ ನನ್ನ ಕೋಪ ಬೇರೆ ಥರದ್ದು. ಅವರಿಗೆ ಮೊದಲು ಇಬ್ಬರು ಹೆಣ್ಣುಮಕ್ಕಳು, ಆಮೇಲೆ ಇವರು. ಎರಡನೇದೂ ಹೆಣ್ಣಾದಾಗ ಅವರ ಅತ್ತೆ ಮಗುವಿನ ಮುಖ ನೋಡೋಕೂ ಬರಲಿಲ್ಲವಂತೆ. ಬಾಣಂತಿಗೆ ನೀರು ಕಾಯಿಸಿ ಹಾಕುವವರು ಇರಲಿಲ್ಲ. ಹಸಿ ಮೈಯಲ್ಲೇ ಎದ್ದು ಕೊಟ್ಟಿಗೆ ಬಾಚಿದ್ದಾರೆ. ಒಂದು ಸಂಜೆ ಸೊಪ್ಪು ಬಿಡಿಸುತ್ತಾ ಇದನ್ನೆಲ್ಲ ನನಗೆ ಹೇಳಿದರು. ಹಾಗಿದ್ದೂ ಈಗ ಗಂಡು ಮಗುವಾಗಲಿ ಅಂತ ಹರಕೆ ಹೊತ್ತಿದ್ದಾರೆ. ಯಾಕತ್ತೆ ಅಂತ ಕೇಳಿದೆ. "ನನ್ ಪಾಡು ನಿಂಗ್ ಬರ್ಬಾರ್ದು ಕಣವ್ವ, ಅದ್ಕೇಯ" ಅಂದರು.

ನನ್ನ ಬಾಯಿ ಕಟ್ಟಿಹೋಯಿತು. ಆದರೂ ಹೇಳುತ್ತೇನೆ. ಆ ಪಾಡು ಕೊಟ್ಟಿದ್ದು ಮನೆಯವರು, ಹುಟ್ಟಿದ ಮಗು ಅಲ್ಲ. ಈಗ ಈ ಮನೆಗೆ ಹಿರಿಯರು ಅಂದರೆ ಅತ್ತೆಯೇ. ಆ ಪಾಡು ನನಗೆ ಬಾರದ ಹಾಗೆ ನೋಡಿಕೊಳ್ಳಲು ಅವರಿಗೆ ಹರಕೆ ಬೇಕಿಲ್ಲ. ಯಾವ ಮಗುವಾದರೂ ನೀರು ಕಾಯಿಸಿ ಹಾಕುತ್ತೇನೆ ಅಂತ ಒಂದು ಮಾತು ಹೇಳಿದರೆ ಸಾಕು. ಅಂದು ಯಾರಿಗೂ ಬೇಡವಾಗಿದ್ದ ಅದೇ ಎರಡನೇ ಮಗಳು ಇವತ್ತು ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗಿ ಕಣ್ಣಿನ ಆಪರೇಷನ್ ಮಾಡಿಸಿದ್ದು. ತಿಂಗಳು ತಿಂಗಳು ಶುಗರ್ ಮಾತ್ರೆ ತಂದುಕೊಡೋದೂ ಅವಳೇ.

ಇನ್ನು ಹರಕೆ, ಆಶೀರ್ವಾದದ ಮಾತು. ಮಗು ಗಂಡಾ ಹೆಣ್ಣಾ ಅಂತ ತೀರ್ಮಾನಿಸುವ ಕ್ರೋಮೋಸೋಮ್‌ಗಳಲ್ಲಿ, ಹೆಂಗಸಿನ ಅಂಡದಲ್ಲಿ ಯಾವಾಗಲೂ ಎಕ್ಸ್ ಮಾತ್ರ ಇರುತ್ತದೆ. ಗಂಡಸಿನ ಕಡೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಗರ್ಭ ಕಟ್ಟಿದ ದಿನವೇ ಅದು ತೀರ್ಮಾನ ಆಗಿರುತ್ತದೆ. ಸ್ಕೂಲಿನಲ್ಲಿ ಎಲ್ಲರೂ ಓದಿರುತ್ತಾರೆ. ಹಾಗಿದ್ದ ಮೇಲೆ ಹೆಣ್ಣಾದರೆ ಸೊಸೆಯನ್ನು ಯಾಕೆ ದೂರುತ್ತೀರಿ?

ಜಮೀನು ಯಾರಿಗೆ ಅಂತಲೂ ಕೇಳುತ್ತಾರೆ. ಇವರ ಪಾಲಿಗೆ ಬರೋದು ಒಂದೂವರೆ ಎಕರೆ, ಅದೂ ನಾಲೆಯಲ್ಲಿ ನೀರು ಬಂದರೆ ಬೆಳೆ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಅಂತ ಕರ್ನಾಟಕದಲ್ಲಿ 1994ರಲ್ಲೇ ಕಾನೂನು ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಇದೆ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾಗಿ ಜಮೀನು ನನ್ನ ಮಗಳಿಗೆ. ಇದರಲ್ಲಿ ಕಷ್ಟದ ಪ್ರಶ್ನೆ ಎಲ್ಲಿದೆ? ಅರಿಶಿನ ಕುಂಕುಮ, ಒಂದು ಸೀರೆ ಕೊಟ್ಟು ಅಕ್ಕತಂಗಿಯರಿಂದ ಹಕ್ಕು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳುವವರಿಗೆ ಮಾತ್ರ ಅದು ಕಷ್ಟ. ನನ್ನ ತಾಯಿಯ ಕೈಯಲ್ಲೂ ಹಾಗೇ ಹಾಕಿಸಿಕೊಂಡರು.

ಅದೇ 2023ರಲ್ಲೇ, ಫೆಬ್ರವರಿಯಲ್ಲಿ, ಮದುವೆಗೆ ಹೆಣ್ಣು ಸಿಗುತ್ತಿಲ್ಲ ಅಂತ ನಮ್ಮ ಜಿಲ್ಲೆಯ ಹುಡುಗರು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಕಷ್ಟಪಟ್ಟು ಬೇಸಾಯ ಮಾಡುವ ಹುಡುಗರು, ಅವರನ್ನು ನೋಡಿ ನಿಜವಾಗಿ ಬೇಜಾರಾಯಿತು. ರೈತನಿಗೆ ಹೆಣ್ಣು ಕೊಡಲು ಹಿಂಜರಿಯೋದಕ್ಕೆ ಬೇರೆ ಕಾರಣಗಳೂ ಇವೆ, ನನಗೆ ಗೊತ್ತು. ಆದರೆ ಹುಟ್ಟಲು ಬಿಡದ ಹೆಣ್ಣು ಮದುವೆಗೆ ಎಲ್ಲಿಂದ ಬರಬೇಕು? ಆ ಪಾದಯಾತ್ರೆ ನಡೆದ ವರ್ಷವೇ ಆಲೆಮನೆಯ ಸುದ್ದಿ ಬಂತು. ಇವೆರಡನ್ನೂ ಒಟ್ಟಿಗೆ ಇಟ್ಟು ಮಾತಾಡಿದವರನ್ನು ನಮ್ಮ ನೆಂಟರಲ್ಲಿ ಒಬ್ಬರನ್ನೂ ಕಾಣೆ.

ಬಸುರಿಯ ಮೇಲೆ ನಿಜವಾಗಿ ಪ್ರೀತಿ ಇದ್ದರೆ ಕೇಳಲು ಬೇಕಾದಷ್ಟಿದೆ. ನನ್ನ ಹಿಮೋಗ್ಲೋಬಿನ್ 9.6 ಬಂದಿದೆ. ಬಸುರಿಯಲ್ಲಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ, ವಾಕರಿಕೆ ಬರುತ್ತದೆ, ಆದರೂ ನುಂಗುತ್ತಿದ್ದೇನೆ. ಸಂಜೆಗೆ ಕಾಲು ಊದುತ್ತದೆ. ಇದನ್ನೆಲ್ಲ ಕೇಳಿ ತಿಳಿದುಕೊಂಡವರು ಒಬ್ಬರೇ, ತಾಯಿ ಕಾರ್ಡ್ ಬರೆಸಿಕೊಟ್ಟ ಆಶಾ ಅಕ್ಕ. ಬಿಸಿಲಿನಲ್ಲಿ ನಡೆದು ಬರುತ್ತಾರೆ. ಮಾತ್ರೆ ತಗೊಂಡ್ಯಾ, ಬಿಪಿ ನೋಡಿಸಿದ್ಯಾ, ಮಗು ಆಡ್ತಾ ಇದ್ಯಾ ಅಂತ ಕೇಳುತ್ತಾರೆ. ಗಂಡಾ ಹೆಣ್ಣಾ ಅಂತ ಅವರು ಇದುವರೆಗೆ ಕೇಳಿಲ್ಲ.

ಮುಂದಿನ ತಿಂಗಳು ಸೀಮಂತ, ಆಮೇಲೆ ನಾನು ಹೆರಿಗೆಗೆ ತವರಿಗೆ ಹೋಗುತ್ತೇನೆ. ಕರೆಯುವವರ ಪಟ್ಟಿ ಬರೆಯುತ್ತಿದ್ದಾರೆ. ಆ ಚಿಕ್ಕಮ್ಮನ ಹೆಸರು ಬೇಡ ಅಂತ ನಾನು ಹೇಳಿದ್ದೇನೆ. ಚಿಕ್ಕಪ್ಪನಿಗೆ ಬೇಜಾರಾಗುತ್ತೆ, ನೆಂಟರ ನಡುವೆ ಮಾತಾಗುತ್ತೆ, ಒಂದು ದಿನದ್ದು ಹೊಂದಿಕೊಂಡು ಹೋಗು ಅಂತ ಇವರು ಅನ್ನುತ್ತಿದ್ದಾರೆ. ನನ್ನ ಮಗು ಹೆಣ್ಣಾಗಿದ್ದರೆ ತೆಗೆಸಿಬಿಡೋಣ ಅಂತ ದಾರಿ ತೋರಿಸಲು ಬಂದವರ ಕೈಯಲ್ಲಿ ನಾನು ಹಸಿರು ಬಳೆ ತೊಡಿಸಿಕೊಳ್ಳೋದಿಲ್ಲ. ಅವರು ಬಂದರೆ ನಾನು ಹಸೆಮಣೆ ಮೇಲೆ ಕೂರೋದಿಲ್ಲ. ಇವರಿಗೆ ಹೇಳಿಯಾಗಿದೆ. ಚಿಕ್ಕಪ್ಪನಿಗೆ ಫೋನ್ ಮಾಡಿ ಕಾರಣ ಏನು ಅಂತ ಬಾಯಿಬಿಟ್ಟು ಹೇಳಬೇಕಾದವರು ಇವರೇ. ಭಾನುವಾರದ ತನಕ ಕಾಯುತ್ತೇನೆ. ಇವರು ಮಾಡದಿದ್ದರೆ ಫೋನ್ ನಾನೇ ಮಾಡುತ್ತೇನೆ.